ಖಾಲಿ ಕರಡಿಗೆ

ಕೊಟ್ಟೂರಿನಲ್ಲಿ ಯೋಗದ ಮೇಡಂ ಎಂದರೆ ಪುಷ್ಪಲತಾ ಒಬ್ಬಳೇ. ಹಳೇ ಶೇಂಗಾ ಮಿಲ್ಲಿನ ಗೋದಾಮಿನಲ್ಲಿ ಬೆಳಗಿನ ಹೊತ್ತು ಜಮಖಾನ ಹಾಸಿ, ಅಂಗಡಿ ಸಾಹುಕಾರರ ಹೆಂಡಂದಿರಿಗೂ ಹೈಸ್ಕೂಲಿನ ಟೀಚರುಗಳಿಗೂ ಕೈಕಾಲು ಬಗ್ಗಿಸುವುದನ್ನು ಕಲಿಸುತ್ತಿದ್ದಳು. ಬಂದವರು ಬಗ್ಗುವುದಕ್ಕಿಂತ ಮಾತಾಡುವುದೇ ಹೆಚ್ಚಾಗಿತ್ತು, ಆದರೆ ಮೊಣಕಾಲು ನೋವು ಹೋಯಿತು, ಗ್ಯಾಸು ಹೋಯಿತು ಎಂದು ಊರೆಲ್ಲ ಹೇಳಿಕೊಂಡು ತಿರುಗುವುದರಲ್ಲಿ ಮಾತ್ರ ಅವರು ಸೋಮಾರಿಗಳಲ್ಲ. ಹಾಗಾಗಿ ಪುಷ್ಪಲತಾಳ ಹೆಸರು ಕೂಡ್ಲಿಗಿ, ಬೊಮ್ಮನಹಳ್ಳಿ ದಾಟಿ ಹಡಗಲಿಯವರೆಗೂ ಮುಟ್ಟಿತ್ತು. ಗೋದಾಮಿನ ಬಾಗಿಲ ಮೇಲೆ ಒಂದು ಬೋರ್ಡು. ಅದರಲ್ಲಿ ಅವಳ ಹೆಸರು, ಅವಳು ಒಂದು ವರ್ಷ ಕಲಿತು ಬಂದ ದೂರದೂರಿನ ಯೋಗ ಕೇಂದ್ರದ ಹೆಸರು, ಅಲ್ಲಿನ ಗುರುಗಳ ಹೆಸರು. ದೊಡ್ಡಪ್ಪ ಜಂಬಣ್ಣನ ಹೆಸರು ಎಲ್ಲೂ ಇರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ.

ನಿಜ ಹೇಳಬೇಕೆಂದರೆ ಅವಳಿಗೆ ಕುಳಿತುಕೊಳ್ಳುವುದನ್ನು ಕಲಿಸಿದವನೇ ದೊಡ್ಡಪ್ಪ. ಅವಳ ತಾಯಿ ತೀರಿಕೊಂಡು, ತಂದೆ ಹರಪನಹಳ್ಳಿಯಲ್ಲಿ ಇನ್ನೊಂದು ಸಂಸಾರ ಹೂಡಿದಾಗ, ಮಕ್ಕಳಿಲ್ಲದ ಜಂಬಣ್ಣ ಮತ್ತು ಕಲ್ಯಾಣಮ್ಮ ಹುಡುಗಿಯನ್ನು ಕರೆತಂದು ಸಾಕಿದರು. ದೊಡ್ಡಪ್ಪನದು ಪೇಟೆಯಲ್ಲಿ ಬಟ್ಟೆ ಅಂಗಡಿ. ಆದರೆ ಅಂಗಡಿ ಅವನಿಗೆ ಎರಡನೆಯದು. ಬೆಳಗ್ಗೆ ಮಿಂದು, ಹಣೆಗೆ ವಿಭೂತಿ ಧರಿಸಿ, ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡಗೈ ಅಂಗೈಯಲ್ಲಿಟ್ಟುಕೊಂಡು ನೋಡುತ್ತ ಕುಳಿತನೆಂದರೆ, ಬಾಗಿಲಿಗೆ ಬೀಗರು ಬಂದರೂ ಸರಿ, ಗಿರಾಕಿ ಬಂದರೂ ಸರಿ, ರೆಪ್ಪೆ ಅಲುಗುತ್ತಿರಲಿಲ್ಲ. ಓಣಿಯ ಅಯ್ಯನವರು ಏಕಾಂತಯ್ಯ ಪುಷ್ಪಳಿಗೆ ಲಿಂಗ ಕಟ್ಟಿದ ಮರುದಿನದಿಂದ ಅವಳೂ ಅವನೆದುರಿಗೆ ಒಂದು ಮಣೆ ಹಾಕಿಕೊಂಡು ಕೂರತೊಡಗಿದಳು.

"ಉಸುರಿನ ಬೆನ್ನು ಹತ್ತಬ್ಯಾಡ ತಂಗಿ. ಅದು ಎಲ್ಲಿಗಿ ಹೋಗತೈತಿ? ಹೋಗಿ ತಾನ ಬರತೈತಿ. ನೀ ಸುಮ್ಮನ ಲಿಂಗ ನೋಡು," ಅನ್ನುತ್ತಿದ್ದ.

ಕಾಲು ಜೋಮು ಹಿಡಿದರೆ ಅತ್ತುಬಿಡುತ್ತಿದ್ದಳು. ಆಮೇಲಾಮೇಲೆ ಅಳುವುದು ನಿಂತಿತು, ಜೋಮೂ ನಿಂತಿತು. ಮುಂದೆ ಯೋಗ ಕೇಂದ್ರದಲ್ಲಿ ಉಳಿದವರು ಪದ್ಮಾಸನ ಹಾಕಲು ಒದ್ದಾಡುವಾಗ ಇವಳು ಊಟಕ್ಕೆ ಕೂತಷ್ಟು ಸಲೀಸಾಗಿ ಕೂತಿದ್ದನ್ನು ಕಂಡು ಅಲ್ಲಿನ ಗುರುಗಳು "ಪೂರ್ವಜನ್ಮದ ಸಂಸ್ಕಾರ" ಎಂದು ಹೊಗಳಿದ್ದರು. ಪೂರ್ವಜನ್ಮವೂ ಇಲ್ಲ, ಏನೂ ಇಲ್ಲ, ನಮ್ಮ ದೊಡ್ಡಪ್ಪ ಎಂದು ಅವಳು ಹೇಳಬಹುದಿತ್ತು. ನಕ್ಕು ಸುಮ್ಮನಾದಳು.

ಜಂಬಣ್ಣನಿಗೆ ಒಂದು ನೇಮವಿತ್ತು. ಕೊರಳಲ್ಲಿ ಲಿಂಗವಿಲ್ಲದವರ ಕೈಯಿಂದ ನೀರು ಮುಟ್ಟುತ್ತಿರಲಿಲ್ಲ. ಕಾಲ ಎಲ್ಲಿಗೆ ಬಂತು, ಈ ಮನುಷ್ಯ ಎಲ್ಲಿದ್ದಾನೆ ಎಂದು ಊರವರು ನಗುತ್ತಿದ್ದರು, ಕೆಲವರು ಬೇಸರವನ್ನೂ ಮಾಡಿಕೊಂಡಿದ್ದರು. ಚಿಗಟೇರಿಯಲ್ಲಿ ಸ್ವಂತ ತಂಗಿಯ ಮಗನ ಮದುವೆ. ಲಿಂಗ ಬಿಟ್ಟಿದ್ದ ಆ ಮದುಮಗನೇ ಖುದ್ದಾಗಿ ತಂದುಕೊಟ್ಟ ಲೋಟವನ್ನು ಜಂಬಣ್ಣ ಕೆಳಗಿಟ್ಟು, ಬಿಸಿಲಲ್ಲಿ ಒಣಗಂಟಲಲ್ಲೇ ಬಸ್ಸು ಹತ್ತಿ ಬಂದಿದ್ದ. ತಂಗಿ ಎಷ್ಟೋ ವರ್ಷ ಮಾತು ಬಿಟ್ಟಳು. ಮನೆಯಲ್ಲಿ ಅವನಿಗೆ ಕುಡಿಯುವ ನೀರು ಕೊಡುವ ಕೆಲಸ ಪುಷ್ಪಳದು. ಅಂಗಡಿಯಿಂದ ಬಂದವನೇ "ತಂಗೀ" ಅನ್ನುವನು. ಅವಳು ತಂಬಿಗೆ ಹಿಡಿದು ಬರುವಳು.

ಯೋಗ ಕೇಂದ್ರಕ್ಕೆ ಅವಳನ್ನು ಕಳಿಸಿದವನೂ ಅವನೇ. ತೊಂಬತ್ತಾರನೇ ಇಸವಿ, ಡಿಗ್ರಿ ಮುಗಿದಿತ್ತು. ಕಲ್ಯಾಣಮ್ಮ ವರ ನೋಡುತ್ತಿದ್ದಳು. "ಮದುವಿ ಎಲ್ಲಿಗಿ ಓಡಿಹೋಗತೈತಿ, ಹುಡುಗಿ ಕಲೀಲಿ ಬಿಡು," ಅಂದ ಜಂಬಣ್ಣ. ಮದುವೆ ನಿಜವಾಗಿಯೂ ಓಡಿಹೋಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು.

ಅಲ್ಲಿ ಎರಡನೇ ವಾರಕ್ಕೆ ಶೀರ್ಷಾಸನದ ಪಾಠ ಬಂತು. ತಲೆ ಕೆಳಗೆ, ಕಾಲು ಮೇಲೆ. ಕರಡಿಗೆ ಜಾರಿ ಬಂದು ಗದ್ದಕ್ಕೆ ಬಡಿಯುತ್ತಿತ್ತು. "ಕೊರಳಲ್ಲಿರೋದನ್ನೆಲ್ಲ ತೆಗೆದಿಟ್ಟು ಬನ್ನಿ" ಎಂದರು ಗುರುಗಳು. ಒಬ್ಬರು ಸರ ತೆಗೆದರು, ಇನ್ನೊಬ್ಬರು ತಾಯತ ತೆಗೆದರು. ಪುಷ್ಪಾ ಮೊದಮೊದಲು ಕರಡಿಗೆಯ ಶಿವದಾರವನ್ನು ಕೊರಳಿಂದ ಬಿಚ್ಚಿ, ಲಿಂಗವನ್ನು ಟವೆಲ್ಲಿನಲ್ಲಿ ಸುತ್ತಿ ತಲೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಆಮೇಲೆ ಕಿಟಕಿಯ ಚಿಲಕಕ್ಕೆ ನೇತುಹಾಕುವುದು ರೂಢಿಯಾಯಿತು. ಒಂದು ದಿನ ತಿಂಡಿಯ ಗಂಟೆ ಹೊಡೆಯಿತು, ಗೆಳತಿಯರು ಕೂಗಿದರು, ಹೋದಳು. ತಿಂಡಿಯನ್ನೂ ತಿಂದಳು, ಊಟವನ್ನೂ ಮಾಡಿದಳು. ಸಂಜೆ ಮುಖ ತೊಳೆಯುವಾಗ ಕೈ ಎದೆಗೆ ಹೋಯಿತು. ಎದೆ ಬರಿದಾಗಿತ್ತು.

ಓಡಿ ಬಂದು ನೋಡಿದರೆ ಚಿಲಕದಲ್ಲಿ ಏನೂ ಇರಲಿಲ್ಲ. ಕಿಟಕಿಯ ಆಚೆ ಗಿಡಗಂಟಿ, ಅದರಾಚೆ ಹೊಳೆ. ಬೆಳಕಿರುವ ತನಕ ಹುಡುಕಿದಳು. ಅತ್ತುಕೊಂಡು ಗುರುಗಳ ಹತ್ತಿರ ಹೋದಳು. ಅವರು ಕೆಟ್ಟವರೇನಲ್ಲ, ಸಮಾಧಾನ ಮಾಡಲೆಂದೇ ನಕ್ಕು ಹೇಳಿದರು: "ಒಳಗೆ ಉಸಿರು ಇರುವಾಗ ಹೊರಗೆ ಕಲ್ಲಿನ ಚೂರು ಯಾಕಮ್ಮಾ?" ಅವಳಿಗೆ ಆ ಹೊತ್ತಿಗೆ ಬೇಕಾಗಿದ್ದದ್ದೂ ಅಂಥದೇ ಒಂದು ಮಾತು. ಅದನ್ನು ಹಿಡಿದುಕೊಂಡೇ ವರ್ಷ ಕಳೆದಳು.

ಲಿಂಗ ಕಳೆದವರಿಗೆ ದಾರಿಯೇ ಇಲ್ಲ ಎಂದೇನಲ್ಲ. ಅಯ್ಯನವರ ಮುಂದೆ ಕೂತು ತಪ್ಪಾಯಿತೆಂದು ಹೇಳಿ, ಒಂದೊಪ್ಪತ್ತು ಉಪವಾಸವಿದ್ದು, ಮತ್ತೆ ಕಟ್ಟಿಸಿಕೊಳ್ಳಬಹುದು. ಊರಿಗೆ ಹೋದಕೂಡಲೇ ದೊಡ್ಡಪ್ಪನಿಗೆ ಹೇಳಿ ಹಾಗೇ ಮಾಡುವುದು ಎಂದುಕೊಂಡಿದ್ದಳು. ಆದರೂ ಬರಿಗೊರಳಲ್ಲಿ ಬಸ್ಸಿನಿಂದ ಇಳಿಯಲು ಮುಖವಿಲ್ಲದೆ, ದಾವಣಗೆರೆಯಲ್ಲಿ ಒಂದು ಬೆಳ್ಳಿಯ ಕರಡಿಗೆ ಕೊಂಡು, ಒಳಗೆ ಹತ್ತಿ ತುರುಕಿ ಹಾಕಿಕೊಂಡಳು. ಮನೆ ಮುಟ್ಟುವ ತನಕ ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡಳು.

ಮನೆ ಮುಟ್ಟಿದಾಗ ಜಂಬಣ್ಣ ಕಟ್ಟೆಯ ಮೇಲೆ ಕೂತಿದ್ದ. ಅವಳು ಚೀಲ ಇಳಿಸುವ ಮೊದಲೇ ಅಂದ:

"ಮೊದ್ಲು ನೀರು ಕೊಡು ತಂಗಿ. ನಿನ್ನ ಕೈನೀರು ಕುಡುದು ವರ್ಷಾತು. ನಿಮ್ಮ ದೊಡ್ಡವ್ವ ಕೊಡ್ತಾಳ, ಆದ್ರ ತಂಬಗಿ ಕುಕ್ಕತಾಳ."

ಕಲ್ಯಾಣಮ್ಮ ಒಳಗಿನಿಂದಲೇ "ಹೂಂ, ಕುಕ್ಕತೀನಿ" ಅಂದಳು. ಎಲ್ಲರೂ ನಕ್ಕರು. ಪುಷ್ಪಾ ಒಳಗೆ ಹೋದಳು, ತಂಬಿಗೆ ತುಂಬಿದಳು, ಈಗ ಹೇಳಲೇ ಎಂದು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ದೊಡ್ಡಪ್ಪ ಕೈ ಚಾಚಿದ್ದ. ಕೊಟ್ಟಳು. ಅವನು ಕಣ್ಣು ಮುಚ್ಚಿಕೊಂಡು ಗಟಗಟ ಕುಡಿದ.

ಕೆಟ್ಟದ್ದು ಅಲ್ಲಿಯೇ. ಲಿಂಗ ಕಳೆದೆ ಎಂದು ಹೇಳುವುದು ಕಷ್ಟವಿರಲಿಲ್ಲ. ನಿನ್ನ ನೇಮವನ್ನೂ ಕೆಡಿಸಿದೆ ಎಂದು ಹೇಳುವುದು ಹೇಗೆ? ಸಂಜೆ ಮತ್ತೆ ನೀರು ಕೇಳಿದ, ಮತ್ತೆ ಕೊಟ್ಟಳು. ನಾಳೆ ಎಂದುಕೊಂಡಳು. ನಾಳೆ ಎಂದವನ ಮನೆ ಹಾಳು ಎಂಬ ಗಾದೆಯನ್ನು ಅವಳು ಸಾಲಿಯಲ್ಲಿ ಬಾಯಿಪಾಠ ಮಾಡಿದ್ದಳು, ಅಷ್ಟೇ. ದಿನಕ್ಕೊಂದು ತಂಬಿಗೆಯಂತೆ ತಪ್ಪು ಬೆಳೆಯಿತು. ಕದ್ದು ಮತ್ತೆ ಲಿಂಗ ಕಟ್ಟಿಸಿಕೊಳ್ಳೋಣವೆಂದರೆ ಏಕಾಂತಯ್ಯ ದೊಡ್ಡಪ್ಪನ ಆಪ್ತರು, ಹೇಳದೆ ಇರುವವರಲ್ಲ. ಅಷ್ಟರಲ್ಲಿ ಗೋದಾಮಿನ ಕ್ಲಾಸು ಶುರುವಾಗಿತ್ತು, ಜಂಬಣ್ಣನ ಮನೆಯ ಹುಡುಗಿ ಎಂಬ ನಂಬಿಕೆಯ ಮೇಲೆ ಜನ ಹೆಣ್ಣುಮಕ್ಕಳನ್ನು ಕಳಿಸುತ್ತಿದ್ದರು. ಪೂಜೆಗೆ ಮನೆಯಲ್ಲಿ ಯಾಕೆ ಕೂರುವುದಿಲ್ಲವೆಂದು ಕೇಳಿದ್ದಕ್ಕೆ, "ಬೆಳಿಗ್ಗಿ ಲಗೂನ ಗೋದಾಮಿಗಿ ಹೋಗಿ ಅಲ್ಲೇ ಮುಗಸ್ತೀನಿ ದೊಡ್ಡಪ್ಪಾ," ಎಂದು ಇನ್ನೊಂದು ಸುಳ್ಳು ಸೇರಿಸಿದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಯಾರಾದರೂ ಕರಡಿಗೆಯತ್ತ ನೋಡಿದರೆ ಸೆರಗು ಎಳೆದುಕೊಳ್ಳುತ್ತಿದ್ದಳು.

ನಾಲ್ಕು ವರ್ಷ ಹೀಗೇ ಹೋಯಿತು. ಆಮೇಲೆ ಜಂಬಣ್ಣನ ಕಣ್ಣು ಹೋದವು. ಪೊರೆ ತೆಗೆಸಿದರೂ ಬೆಳಕು ಬರಲಿಲ್ಲ. ಅಂಗಡಿ ಮುಚ್ಚಿದ್ದಕ್ಕೆ ಅವನು ಹಳಹಳಿಸಲಿಲ್ಲ. ಅಂಗೈಯಲ್ಲಿರುವ ಲಿಂಗ ಕಾಣದಾಯಿತಲ್ಲ ಎಂಬ ಸಂಕಟವೊಂದೇ. ಬೆಳಗ್ಗೆ ಮಣೆಯ ಮೇಲೆ ಕೂತು ಎಡಗೈ ಎತ್ತಿ ಹಿಡಿದು, ಏನೂ ಕಾಣದೆ, ಬೇಗ ಎದ್ದುಬಿಡುತ್ತಿದ್ದ. ನೀರಿನ ತಂಬಿಗೆಗೂ ದಿನಾ ಪುಷ್ಪಳ ಕೈ ತಡವಿ ಹಿಡಿದುಕೊಳ್ಳಬೇಕಾಗಿತ್ತು.

ಒಂದು ದಿನ ನೀರು ಕುಡಿದು ತಂಬಿಗೆ ಕೊಡುವಾಗ ಅವಳ ಕೈ ಬಿಡದೆ ಹಾಗೇ ಹಿಡಿದುಕೊಂಡ.

"ಒಂದು ಮಾತು ಕೇಳ್ತೀನಿ ನೋಡು ಪುಷ್ಪಾ. ಸಣ್ಣಾಕಿದ್ದಾಗ ನನ್ನ ಮುಂದ ಕುಂದ್ರತಿದ್ದೆಲ್ಲ, ಹಂಗ ಒಂದಿನ ಕುಂದುರು. ನೀ ನಿನ್ನ ಲಿಂಗ ನೋಡು. ನಾ ನಿನ್ನ ಉಸುರು ಕೇಳ್ತೀನಿ. ಅದನ್ನ ಹಿಡಕೊಂಡು ನಂದೂ ನಿಂದರತೈತೇನೋ."

ಅವಳು ಕೈ ಬಿಡಿಸಿಕೊಂಡಳು. "ಆತು ದೊಡ್ಡಪ್ಪಾ. ಈ ವಾರ ಕೂಡ್ಲಿಗಿಯಾಗ ಶಿಬಿರ ಐತಿ. ಬರೂ ವಾರ."

ಬರುವ ವಾರ ಬೊಮ್ಮನಹಳ್ಳಿ. ಅದರ ಮುಂದಿನ ವಾರ ಯಾರದೋ ಲಗ್ನ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದುಕೊಂಡು ತಿರುಗಿದಳು. ಅವನು ಕೇಳುವುದು ಬಿಡಲಿಲ್ಲ. ಬೈಯಲೂ ಇಲ್ಲ. ಹಬ್ಬ ಬಂದಾಗಲೊಮ್ಮೆ, ಸೋಮವಾರ ಬಂದಾಗಲೊಮ್ಮೆ, "ಇವತ್ತು ಬಿಡುವೈತೇನು ತಂಗಿ?" ಅನ್ನುವನು. ಊರ ಹೆಂಗಸರಿಗೆಲ್ಲ ಉಸಿರು ಹಿಡಿಯುವುದನ್ನು ಕಲಿಸುವವಳಿಗೆ, ಕಲಿಸಿದವನ ಮುಂದೆ ಒಂದು ಬೆಳಗು ಕೂರಲು ಬಿಡುವಿಲ್ಲ. ಅವನೇನು ತಿಳಿದುಕೊಂಡಿದ್ದಾನು? ದೊಡ್ಡ ಗುರುಗಳ ಹತ್ತಿರ ಕಲಿತು ಬಂದಳು, ನಮ್ಮ ಮಣೆ ಈಗ ಸಣ್ಣದಾಯಿತು ಎಂದೇ? ಹಾಗೆ ತಿಳಿದುಕೊಂಡರೂ ಚಿಂತೆಯಿಲ್ಲ, ನಿಜ ತಿಳಿಯದಿದ್ದರೆ ಸಾಕು ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಹಾಗೆ ಅನಿಸಿದ್ದಕ್ಕೆ ಬಸ್ಸಿನಲ್ಲಿ ಕೂತು ಒಬ್ಬಳೇ ಅತ್ತದ್ದೂ ಉಂಟು.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಹಡಗಲಿಯ ಶಿಬಿರ ನಡೆದಿತ್ತು. ಜನರೆಲ್ಲ ಕಣ್ಣು ಮುಚ್ಚಿ ಕೂತಿದ್ದಾಗ, ಪಕ್ಕದ ಅಂಗಡಿಯವನು ಬಂದು, ಊರಿಂದ ಫೋನು ಬಂದಿದೆ, ನಿಮ್ಮ ದೊಡ್ಡಪ್ಪ ಹೋದರಂತೆ ಎಂದು ಹೇಳಿದ.

ಅವಳು ಬರುವಷ್ಟರಲ್ಲಿ ಜಂಬಣ್ಣನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಲಿಂಗವಂತರನ್ನು ಮಲಗಿಸಿ ಕಳಿಸುವುದಿಲ್ಲ, ಪೂಜೆಗೆ ಕೂತಂತೆಯೇ ಕೂರಿಸಿ ಮಣ್ಣು ಮಾಡುವುದು. ಆದರೆ ಕಾಲು ಸರಿಯಾಗಿ ಮಡಚಿರಲಿಲ್ಲ. ಏಕಾಂತಯ್ಯ ಅವಳನ್ನು ಕಂಡವರೇ, "ಬಾರವ್ವ ಪುಷ್ಪಾ. ನೀ ಯೋಗದಾಕಿ, ಈ ಕಾಲು ಕೂಡಿಸು," ಅಂದರು.

ಅವಳು ಮೊಣಕಾಲೂರಿ ಕೂತು ದೊಡ್ಡಪ್ಪನ ಪಾದ ಹಿಡಿದಳು. ಗೋದಾಮಿನ ಸಾಹುಕಾರತಿಯರ ಕಾಲಿಗಿಂತ ಸುಲಭವಾಗಿ ಆ ಕಾಲು ತೊಡೆಯ ಮೇಲೆ ಬಂದು ಕೂತಿತು. ಜೀವಮಾನವೆಲ್ಲ ಹಾಗೇ ಕೂತ ಕಾಲು ಅದು. ಅಯ್ಯನವರು ಜಂಬಣ್ಣನ ಕರಡಿಗೆಯನ್ನು ಬಿಚ್ಚಿ, ಲಿಂಗವನ್ನು ಹೊರತೆಗೆದು ಅವಳ ಕಡೆ ಚಾಚಿದರು.

"ಮಗಳಿದ್ದಂಗ ಇದ್ದಿ. ಅಂಗೈಯಾಗ ನೀನ ಇಡು."

ಅವಳ ಕೈ ಮುಂದೆ ಹೋಯಿತು, ಅಲ್ಲಿಗೇ ನಿಂತಿತು. "ನೀವ ಇಡ್ರಿ ಅಯ್ಯಾರ," ಎಂದು ಹಿಂದೆ ಸರಿದಳು. ದುಃಖಕ್ಕೆ ಹೀಗಾಡುತ್ತಾಳೆ ಪಾಪ, ಎಂದರು ಸುತ್ತ ನಿಂತವರು. ಅಯ್ಯನವರೇ ಇಟ್ಟರು.

ಮಣ್ಣು ಮಾಡಿ ಬಂದು, ಜನರೆಲ್ಲ ಚೆದುರಿದ ಮೇಲೆ ಕಲ್ಯಾಣಮ್ಮ ಅಡುಗೆಮನೆಯ ಹೊಸ್ತಿಲಿಗೆ ಒರಗಿ ಕೂತಿದ್ದಳು. ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ, ತುಟಿ ಒಣಗಿ ಸುಲಿದಿತ್ತು. ಪುಷ್ಪಾ ಅಭ್ಯಾಸದಂತೆ ತಂಬಿಗೆ ತುಂಬಿ ಅವಳ ಮುಂದೆ ಬಂದಳು. ಕೊಡಲು ಬಗ್ಗಿದವಳ ಕೈ ಮುಂದೆ ಹೋಗಲಿಲ್ಲ. ತಂಬಿಗೆ ಹಿಡಿದುಕೊಂಡೇ ಅವಳೆದುರು ಕೂತಳು.

"ದೊಡ್ಡವ್ವಾ, ನನ್ನ ಕೊರಳಾಗ ಲಿಂಗ ಇಲ್ಲ. ಇದು ಖಾಲಿ ಕರಡಿಗಿ. ಕಲಿಯಾಕ ಹೋದಾಗ ಕಳದೀನಿ."

ಕಲ್ಯಾಣಮ್ಮ ಬೆಚ್ಚಲಿಲ್ಲ.

"ಗೊತ್ತೈತಿ," ಅಂದಳು. "ಅವರಿಗೂ ಗೊತ್ತಿತ್ತು. ಕಣ್ಣು ಹೋದ ಮ್ಯಾಲೆ ದಿನಾ ನಿನ್ನ ಕೈ ಹಿಡೀತಿದ್ರಲ್ಲ. ಪೂಜಿ ಮಾಡಾಕಿ ಅಂಗೈಗೆ ವಿಭೂತಿ ವಾಸನಿ ಇರತೈತಿ, ಈ ಹುಡುಗಿ ಕೈಗಿಲ್ಲ ಕಲ್ಯಾಣಿ, ಅಂದ್ರು. ಕೇಳಿಬಿಡ್ರಿ ಅಂದೆ. ಬ್ಯಾಡ, ಮುಂದ ಕುಂದರಾಕ ಕರೀತೀನಿ, ಕುಂತಾಗ ತಾನ ಹೇಳ್ತಾಳ ಅಂದ್ರು."

"ಗೊತ್ತಿದ್ದೂ ನನ್ನ ಕೈನೀರು ಕುಡುದ್ರಾ?" ಅಂದಳು ಪುಷ್ಪಾ.

"ಕುಡುದ್ರು. ತಂಗಿ ಮಗನ ಲೋಟ ಕೆಳಗಿಟ್ಟು ಬಂದ ಮನುಷ್ಯ, ಎರಡು ವರ್ಷ ಗೊತ್ತಿದ್ದೂ ಕುಡುದ್ರು. ನಾ ಬ್ಯಾಡಂದ್ರ, ತಂಬಗಿ ಕೆಳಗ ಇಟ್ಟುಬಿಟ್ರ ಹುಡುಗಿಗಿ ತಿಳೀತೈತಿ, ನಾಚಿಕಿ ಮಾಡಿಕೊಂತಾಳ, ಸುಮ್ಮನಿರು, ಅಂತಿದ್ರು. ಇದನ್ನ ಅವರ ಮುಂದ ಹೇಳಬೇಕಾಗಿತ್ತು ತಂಗಿ. ನನ್ನ ಮುಂದ ಹೇಳಿದ್ರ ಏನು ಬಂತು."

ಪುಷ್ಪಾ ತಲೆ ತಗ್ಗಿಸಿ ಅಳುತ್ತಿದ್ದಳು. ಕಲ್ಯಾಣಮ್ಮ ಅವಳ ತಲೆಯ ಮೇಲೆ ಕೈಯಿಟ್ಟು ಒಮ್ಮೆ ಸವರಿದಳು. ಆಮೇಲೆ ಹೊಸ್ತಿಲು ಹಿಡಿದುಕೊಂಡು ಕಷ್ಟಪಟ್ಟು ಎದ್ದಳು.

"ಅವರು ಕುಡುದ್ರು. ನಾ ಅವರಷ್ಟು ದೊಡ್ಡಾಕಿ ಅಲ್ಲವ್ವ," ಎಂದು, ಅವಳ ಕೈಯಲ್ಲಿದ್ದ ತಂಬಿಗೆಯನ್ನು ದಾಟಿಕೊಂಡು ಒಳಗೆ ಹೋಗಿ, ಕೊಡದಿಂದ ತಾನೇ ನೀರು ಬಗ್ಗಿಸಿಕೊಂಡು ಕುಡಿದಳು.