ತೋರಣದ ಮೊಳೆ

ಟೆಲಿಫೋನಿನ ತಂತಿಯಲ್ಲಿ ಜೀವವಿದೆಯೋ ಇಲ್ಲವೋ ಎಂಬುದನ್ನು ಕೊಪ್ಪದ ಅಬ್ದುಲ್ ಅಜೀಜ್ ಸಾಬರು ನಾಲಗೆಯಿಂದ ಪರೀಕ್ಷಿಸುತ್ತಾರೆ. ತಂತಿಯ ತುದಿಯನ್ನು ಹಲ್ಲಿನಲ್ಲೇ ಸುಲಿದು, ಎರಡೂ ಎಳೆಗಳನ್ನು ನಾಲಗೆಗೆ ತಾಗಿಸಿ, ಹುಳಿ ಮಾವಿನಕಾಯಿ ಕಚ್ಚಿದವರಂತೆ ಒಂದು ಕಣ್ಣು ಕಿರಿದಾಗಿಸಿ, "ಜೀವ ಇದೆ ಮೇಷ್ಟ್ರೇ" ಎನ್ನುತ್ತಾರೆ. ಚೀಲದಲ್ಲಿ ಮೀಟರು ಇರುತ್ತದಂತೆ. ನಾನು ಕಂಡಿಲ್ಲ.

ಹಿಂದೆಂದೋ ಕಂಬದಿಂದ ಬಿದ್ದದ್ದರಿಂದ ಅವರ ಬಲಗಾಲು ಕೊಂಚ ಎಳೆಯುತ್ತದೆ. ಬೀದಿಯ ತಿರುವಿನಲ್ಲಿರುವಾಗಲೇ ಚಪ್ಪಲಿಯ ಸದ್ದಿನಿಂದ ಅವರ ಆಗಮನ ತಿಳಿಯುತ್ತದೆ. ಮೈಮೇಲೆ ಸದಾ ಒಂದು ಖಾಕಿ ಕೋಟು, ಅದರ ಜೇಬಿನ ತುಂಬ ಮೊಳೆ. ಗೋಡೆಯಿಂದ ಕಿತ್ತ ಮೊಳೆ ಎಷ್ಟೇ ಡೊಂಕಾಗಿರಲಿ, ಮೆಟ್ಟಿಲುಕಲ್ಲಿನ ಮೇಲಿಟ್ಟು ಬಡಿದು ನೇರಮಾಡಿ ಜೇಬಿಗಿಳಿಸುವುದು ಅವರ ವ್ರತ. ಎಸೆಯಬಾರದೇ ಎಂದು ಒಮ್ಮೆ ಕೇಳಿದ್ದಕ್ಕೆ, "ಬಿಸಾಡ್ಲಿಕ್ಕೆ ಅದೆಂತ ತಪ್ಪು ಮಾಡಿದೆ ಮಾರಾಯ್ರೆ?" ಎಂದಿದ್ದರು. ನಾನು ನಕ್ಕಿದ್ದೆ.

ಈಗ ನಾಚಿಕೆಯ ಮಾತಿಗೆ ಬರುತ್ತೇನೆ. ಹದಿನೈದು ವರ್ಷಗಳ ಹಿಂದೆ, ಮೊಮ್ಮಗಳ ನಾಮಕರಣ ಮುಗಿದ ಮಳೆಗಾಲದಿಂದ ನಮ್ಮ ಫೋನು ಕೆಡತೊಡಗಿತು. ಗೋಡೆ ತೇವವಾದರೆ ಕರಕರ. ನಾಲ್ಕು ದಿನ ಬಿಸಿಲು ಬಿದ್ದರೆ ನಿರ್ಮಲ. ಗುತ್ತಿಗೆಯ ಲೈನ್‌ಮನ್ ಆಗಿದ್ದ ಸಾಬರು ಆರು ಸಲ ಬಂದು, ಆ ಕಾಲಿನಲ್ಲೇ ಕಂಬ ಹತ್ತಿ ಇಳಿದರು. ಏಳನೆಯ ಸಲ, ಬಾಗಿಲ ಮೇಲೆ ವೈರು ಮುಚ್ಚಿದ್ದ ಮರದ ಪಟ್ಟಿಯನ್ನು ಬಿಚ್ಚಿ ನೋಡಬೇಕು ಎಂದರು. ನಾಮಕರಣಕ್ಕೆಂದು ಬಳಿಸಿದ ಬಣ್ಣ ಇನ್ನೂ ಹೊಸದು. "ಕಂಬ ನೋಡಿ ಸಾಬ್ರೆ, ನನ್ನ ಗೋಡೆ ಯಾಕೆ?" ಎಂದುಬಿಟ್ಟೆ.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ನಾನು ಕನ್ನಡ ಮೇಷ್ಟರು, ದೂರು ಬರೆಯುವುದೆಂದರೆ ನನಗೆ ಸಂಭ್ರಮ. 'ಕರ್ತವ್ಯಲೋಪ', 'ಉದ್ದೇಶಪೂರ್ವಕ ಉಪೇಕ್ಷೆ' ಎಂದೆಲ್ಲ ಎರಡು ಪುಟ ತುಂಬಿಸಿ, ಹೆಂಡತಿ ದಾಕ್ಷಾಯಿಣಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಪಾಪ, ಅಷ್ಟೆಲ್ಲ ಯಾಕೆ ಬರೀತೀರಿ?" ಎಂದಳು. ಕೇಳಲಿಲ್ಲ, ಟೆಲಿಫೋನ್ ಕಚೇರಿಗೆ ಕಳಿಸಿದೆ. ತಿಂಗಳೊಳಗೆ ಸಾಬರನ್ನು ಕೆಲಸದಿಂದ ಬಿಡಿಸಿದರು. ಅವರು ಬಸ್‌ಸ್ಟ್ಯಾಂಡಿನ ಪಕ್ಕ ಮಿಕ್ಸಿ ರಿಪೇರಿಗೆ ಕುಳಿತರು, ನಾನು ಆ ದಾರಿ ಬಿಟ್ಟು ಸುತ್ತಿ ಹೋಗುವುದನ್ನು ಕಲಿತೆ. ಕರಕರ ಮಾತ್ರ ನಿಲ್ಲಲಿಲ್ಲ. ಅಷ್ಟರಲ್ಲಿ ಕೈಗೆ ಮೊಬೈಲು ಬಂದಿತ್ತು.

ಈ ವರ್ಷ ಇಂಟರ್‌ನೆಟ್ಟಿಗೆಂದು ಫೋನನ್ನು ಮಹಡಿಯ ಕೋಣೆಗೆ ಸಾಗಿಸಿ, ಹೊಸ ವೈರು ಎಳೆಸಬೇಕಾಯಿತು. ಬಂದವರೆಲ್ಲ ಹಳೆಯ ವೈರಿಂಗು ತಮಗೆ ತಿಳಿಯದೆಂದರು. ಕೊನೆಗೆ ದಾಕ್ಷಾಯಿಣಿಯೇ ಸಾಬರಿಗೆ ಹೇಳಿಕಳಿಸಿದಳು. ಅದೇ ಕೋಟಿನಲ್ಲಿ ಬಂದರು. ಏಣಿ ಹತ್ತಿ ಬಾಗಿಲ ಮೇಲಿನ ಪಟ್ಟಿ ಬಿಚ್ಚಿದರು. ತುಕ್ಕು ಹಿಡಿದ ಮೊಳೆಯೊಂದು ವೈರಿನ ಎರಡೂ ಎಳೆಗಳ ನಡುವೆ ಇಳಿದಿತ್ತು; ಗೋಡೆ ತೇವವಾದಾಗಲೆಲ್ಲ ಕರಕರ ಎಂದದ್ದು ಅದರಿಂದಲೇ. ನಾಮಕರಣದ ತೋರಣ ಕಟ್ಟಲು ನಾನೇ ಹೊಡೆದದ್ದು. ಗಾರೆಗೆ ಇಳಿಯದ ಮೊಳೆ ಮರದ ಪಟ್ಟಿಗೆ ಸಲೀಸಾಗಿ ಇಳಿಯಿತೆಂದು ಅಂದು ಹಿಗ್ಗಿದ್ದೆ.

"ಸಾಬ್ರೆ, ಆ ಕಾಗದ ಬರೆದದ್ದು ನಾನು" ಎಂದೆ.

"ಗೊತ್ತು ಮೇಷ್ಟ್ರೇ. ಆಫೀಸಲ್ಲಿ ನನ್ನ ಎದುರೇ ಓದಿದ್ರು. ಕನ್ನಡ ಚೆಂದ ಇತ್ತು."

ವ್ಯಂಗ್ಯವಿರಲಿಲ್ಲ, ಇದ್ದಿದ್ದರೆ ನನ್ನ ಭಾರ ಕೊಂಚ ಇಳಿಯುತ್ತಿತ್ತು. ಅವರು ಮೊಳೆಯನ್ನು ಕಿತ್ತು, ಮೆಟ್ಟಿಲುಕಲ್ಲಿನ ಮೇಲೆ ಬಡಿದು ನೇರಮಾಡಿದರು. ಜೇಬಿಗೆ ಹಾಕಿಕೊಳ್ಳಲಿಲ್ಲ. "ತೋರಣಕ್ಕೆ ಬೇಕಲ್ಲ?" ಎನ್ನುತ್ತ, ವೈರು ಹಾಯದ ಕಡೆ ಬಾಗಿಲ ದಾರಂದಕ್ಕೆ ಹೊಡೆದರು. ಸಂಜೆಯ ಹೊತ್ತಿಗೆ ಹೊಸ ವೈರು ಮಹಡಿಗೆ ಏರಿತ್ತು. ತುದಿಯನ್ನು ನಾಲಗೆಗೆ ತಾಗಿಸಿ, ಜೀವ ಇದೆ ಎಂದರು.

ದೂರು ಸುಳ್ಳಾಗಿತ್ತೆಂದು ಮತ್ತೊಂದು ಕಾಗದ ಬರೆಯಲು ಕುಳಿತಿದ್ದೇನೆ. ಓದುವುದಕ್ಕೆ ಆ ಕಚೇರಿಯಲ್ಲಿ ಅವರನ್ನು ಬಲ್ಲವರೇ ಈಗಿಲ್ಲ. ಅಜೀಜ್ ಸಾಬರಂಥವರು ತಪ್ಪನ್ನು ಹುಡುಕುವುದು ಸರಿಪಡಿಸಲಿಕ್ಕೆ. ನಮ್ಮಂಥ ಅಕ್ಷರವಂತರು ಹುಡುಕುವುದು ಅದಕ್ಕೊಂದು ಹೆಸರು ಬರೆಯಲಿಕ್ಕೆ, ಅದೂ ಸಾಮಾನ್ಯವಾಗಿ ಕಂಬ ಹತ್ತಿದವನ ಹೆಸರು.