ಬಾತುಕೋಳಿ ಯಾಕೆ ಮಾತಾಡಲಿಲ್ಲ

ಬಾತುಕೋಳಿ ನಡೆದು ಬಂತು. ತಪ್ ತಪ್ ತಪ್ ಎಂದು ಹೆಜ್ಜೆ ಸದ್ದೂ ಬಂತು. ಬಾಗಿಲ ಮುಂದೆ ನಿಂತು ಹಳದಿ ಕೊಕ್ಕು ತೆರೆಯಿತು. ಅಷ್ಟೇ. ಮಾತಿಲ್ಲ, ಕತೆಯಿಲ್ಲ.

"ಇನ್ನೊಂದ್ಸಲ ಮಾಡು," ಎಂದಳು ಆಪರೇಟರಮ್ಮ.

ಮಗಳು ಆಟವನ್ನು ಮೊದಲಿಂದ ಶುರು ಮಾಡಿ, ಬಾಣದ ಗುಂಡಿ ಒತ್ತಿ ಬಾತುಕೋಳಿಯನ್ನು ಮತ್ತೆ ಬಾಗಿಲಿಗೆ ತಂದಳು. ಕೊಕ್ಕು ತೆರೆಯಿತು. ಮತ್ತೆ ಮೌನ. ನಾಳೆ ಶನಿವಾರ, ಸಂಜೆ ನಾಲ್ಕಕ್ಕೆ ಗ್ರಂಥಾಲಯದಲ್ಲಿ ಎಲ್ಲರ ಆಟಗಳ ಪ್ರದರ್ಶನ. ಆರು ವಾರದ ಕಂಪ್ಯೂಟರ್ ತರಗತಿ ಅದು, ಒಂದು ಮಗು, ಮನೆಯ ಒಬ್ಬರು ದೊಡ್ಡವರು, ಹೀಗೆ ಜೋಡಿ. ಚಿತ್ರ, ದನಿ ಎಲ್ಲ ಮಗುವಿನದು. ಕಂಪ್ಯೂಟರಿಗೆ ಆಜ್ಞೆ ಬರೆಯುವುದು ದೊಡ್ಡವರ ಪಾಲು. ದೊಡ್ಡವರೂ ಸ್ವಲ್ಪ ಬೆವರಲಿ ಎಂದು ಮೇಷ್ಟ್ರು ಮಾಡಿದ ನಿಯಮ.

ಆಪರೇಟರಮ್ಮ ಬೆವರುವ ಪೈಕಿಯಲ್ಲ. ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಹದಿನೇಳು ವರ್ಷ ಕೂತವಳು. ಅಲ್ಲಿ ಡಾಕ್ಟರುಗಳಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವಳು ಆಪರೇಟರಮ್ಮ. ಆಚೆಯವರು "ಹಲೋ, ನಮ್ಮ ತಾಯಿ ನಿನ್ನೆ ಕಾಲು ಜಾರಿ..." ಎನ್ನುವಷ್ಟರಲ್ಲಿ "ಮೂಳೆ ವಾರ್ಡು, ಕೊಡ್ತೀನಿ ಇರಿ" ಎಂದು ದಾಟಿಸಿಬಿಡುತ್ತಾಳೆ. ತಪ್ಪು ವಾರ್ಡಿಗೆ ಕೊಟ್ಟದ್ದನ್ನು ಬೆರಳಲ್ಲಿ ಎಣಿಸಬಹುದು. ಅಲ್ಲಿ ಅದು ಜಾಣತನ. ಆದರೆ ಬೋರ್ಡಿನ ಮುಂದಿನ ಬಾಯನ್ನೇ ಮನೆಗೂ ಹೊತ್ತು ತರುತ್ತಿದ್ದಳು, ಮನೆಯಲ್ಲಿದ್ದ ಹನ್ನೆರಡು ವರ್ಷದ ಮಗಳಿಗೆ ಮಾತು ಉಗ್ಗುತ್ತಿತ್ತು.

ಉಗ್ಗು ಎಂದರೆ ಎಲ್ಲ ಮಾತಿಗೂ ಅಲ್ಲ. ಕೆಲವು ಅಕ್ಷರಗಳು ಗಂಟಲಲ್ಲೇ ಕಾಲು ಚಾಚಿ ಕೂತುಬಿಡುತ್ತಿದ್ದವು. ಆಗ ಹುಡುಗಿ ಉಸಿರು ಎಳೆದು, ಕಣ್ಣು ಕಿರಿದು ಮಾಡಿ ಕಾಯುತ್ತಿದ್ದಳು. ಕಾದರೆ ಮಾತು ಬರುತ್ತಿತ್ತು. ಕಾಯುವವರು ಎಲ್ಲಿ? "ನಂಗೆ ಬ... ಬ..." ಎಂದರೆ "ಬಿಸಿನೀರಾ? ಬಿಳಿ ಅಂಗಿನಾ? ಬಸ್ಸಿಗೆ ಲೇಟಾಯ್ತಾ?" ಎಂದು ತಾಯಿ ಮೂರು ವಾರ್ಡಿಗೆ ಫೋನು ಹಾಕಿ ಆಗಿರುತ್ತಿತ್ತು. ಎಷ್ಟೋ ಸಲ ಹುಡುಗಿ ಸುಮ್ಮನೆ ತಲೆಯಾಡಿಸಿ, ಬೇಡದ ಬಿಳಿ ಅಂಗಿಯನ್ನೇ ತೊಟ್ಟು ಹೋಗುತ್ತಿದ್ದಳು.

ಬಾತುಕೋಳಿಗೆ ದನಿ ಕೊಡಲು ಅವಳು ಒಪ್ಪಿದ್ದೇ ದೊಡ್ಡ ಸಂಗತಿ. "ಬಾಗಿಲು ತೆಗೀರಿ, ನಾನು ಬಂದಿದ್ದೀನಿ." ಒಂದೇ ಸಾಲು. ಬೀರುವಿನ ಬಟ್ಟೆಗಳ ನಡುವೆ ತಲೆ ತೂರಿಸಿ ಹದಿನಾಲ್ಕು ಸಲ ರೆಕಾರ್ಡು ಮಾಡಿದ್ದಳು. ಹದಿನಾಲ್ಕನೆಯದರಲ್ಲಿ ಮೊದಲು ಒಂದು ಕ್ಷಣ ಬರೀ ಮೌನ, ಆಮೇಲೆ ಮಾತು ಮೊದಲಿಂದ ಕೊನೆಯವರೆಗೆ ಒಂದೂ ಎಡರಿಲ್ಲದೆ ಹರಿದು ಬಂದಿತ್ತು. ಅವತ್ತು ಅವಳು ಅಜ್ಜಿಗೆ, ಪಕ್ಕದ ಮನೆಯವರಿಗೆ, ಕೊನೆಗೆ ಪೋಸ್ಟಿನವನಿಗೂ ಅದನ್ನು ಕೇಳಿಸಿದ್ದಳು.

ಈಗ ಆ ದನಿ ಇಲ್ಲ.

ಆಪರೇಟರಮ್ಮ ಸ್ಪೀಕರಿನ ವೈರು ಕಿತ್ತು ಮತ್ತೆ ಸಿಕ್ಕಿಸಿದಳು. ವಾಲ್ಯೂಮ್ ತುದಿಗೆ ಏರಿಸಿದಳು. ಹೆಜ್ಜೆ ಸದ್ದು ಕಿವಿ ಕಿತ್ತುಹೋಗುವಂತೆ ಬಂತು, ಮಾತು ಬರಲಿಲ್ಲ. ಕಂಪ್ಯೂಟರನ್ನೇ ಆರಿಸಿ ಹೊತ್ತಿಸಿದಳು. ಫೈಲಿನ ಹೆಸರು ಅಕ್ಷರಕ್ಕಕ್ಷರ ತಾಳೆ ನೋಡಿದಳು. ಸರಿಯಾಗೇ ಇತ್ತು.

"ಸ್ಪೀಕರ್ ಸರಿ ಇದೆ, ಹೆಸರೂ ಸರಿ ಇದೆ. ಇನ್ನೇನು ದೆವ್ವ ಹೊಕ್ಕಿದೆಯೋ!"

"ಆತುರ ಬೇಡ ಕಣೇ," ಎಂದಳು ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಅವಳ ತಾಯಿ. "ಏಳು ತಿಂಗಳಿಗೇ ಹುಟ್ಟಿದವಳು ನೀನು. ಹೊಟ್ಟೇಲೂ ಕಾಯ್ಲಿಲ್ಲ."

"ಅಮ್ಮ," ಎಂದಳು ಮಗಳು. "ನೀನು ನನ್ನ ದ... ದ..."

"ದಾಹ ಆಗ್ತಿದ್ಯಾ? ಹೂಜೀಲಿ ನೀರಿದೆ ನೋಡು."

ಹುಡುಗಿ ನೀರಿಗೆ ಹೋಗಲಿಲ್ಲ. ತಾಯಿಯ ಕೈಯಿಂದ ಮೌಸು ತೆಗೆದುಕೊಂಡು ದನಿಗಳಿದ್ದ ಫೋಲ್ಡರು ತೆರೆದಳು. ನನ್ನ ದನಿಯನ್ನು ತೆಗೆದುಹಾಕಿದೆಯಾ ಎಂದು ಕೇಳಹೊರಟವಳು, ಕೇಳುವ ಬದಲು ನೋಡುವುದೇ ಸುಲಭ ಎಂದುಕೊಂಡಿದ್ದಳು. ಅಲ್ಲಿ 'ಹೆಜ್ಜೆ' ಇತ್ತು, ಅವಳ ದನಿಯ ಫೈಲು 'ಬಾತುಕೋಳಿ'ಯೂ ಇತ್ತು. ಅದರ ಕೆಳಗೆ ಅವಳು ಮಾಡದ ಮೂರನೆಯ ಫೈಲೊಂದಿತ್ತು. ಹೆಸರು 'ಬದಲಿ'.

ಆಪರೇಟರಮ್ಮ ಮೌಸಿಗೆ ಕೈ ಚಾಚಿದಳು. "ಅದು ಸುಮ್ನೆ, ಏನೂ ಇಲ್ಲ" ಎನ್ನುವುದರೊಳಗೆ ಹುಡುಗಿ ಒತ್ತಿಯಾಗಿತ್ತು.

"ಬಾಗಿಲು ತೆಗೀರಿ, ನಾನು ಬಂದಿದ್ದೀನಿ!" ಎಂದಿತು ಕಂಪ್ಯೂಟರು. ಆಸ್ಪತ್ರೆಯ ಬೋರ್ಡಿನದೇ ದನಿ, ಚುರುಕು, ಸ್ಪಷ್ಟ, ಒಂದು ಕೂದಲಷ್ಟೂ ತಡವಿಲ್ಲ.

ಮಗಳು ಹದಿನಾಲ್ಕನೆಯ ಸಲ ಗೆದ್ದು ಬೀರುವಿನಿಂದ ಹೊರಬಂದ ಅದೇ ಸಂಜೆ, ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಮಾಡಿದ್ದು ಅದು. ಇರಲಿ, ಒಂದು ವೇಳೆಗೆ ಎಂದು. ಎಂಥ ಒಂದು ವೇಳೆ ಎಂದು ಆಗ ತನ್ನನ್ನೇ ತಾನು ಕೇಳಿಕೊಂಡಿರಲಿಲ್ಲ.

"ನಾ... ನಾಳೆ ನೀನೇ ಹೋಗು," ಎಂದಳು ಮಗಳು. "ಬಾತುಕೋಳೀನೂ ನೀನೇ ಆಗು. ನಾನು ಬರಲ್ಲ."

ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ದಡಾರನೆ ಹಾಕಿದ್ದರೂ ಚೆನ್ನಾಗಿತ್ತು, ಮೆಲ್ಲಗೆ ಹಾಕಿದಳು. ಅಜ್ಜಿಯ ಸೂಜಿ ನಿಂತಿತು. ಅಜ್ಜಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು, ಬೈಯಲಿಲ್ಲ. ಆಪರೇಟರಮ್ಮನಿಗೆ ಅಳು ಬಂತು, ಅಳುವುದಕ್ಕೂ ನಾಚಿಕೆಯಾಯಿತು. ಜನ ಮಗುವನ್ನು ನೋಡಿ ನಗುತ್ತಾರೆಂದು ಹೆದರಿ, ಜನರಿಗಿಂತ ಮೊದಲು ತಾನೇ ಆ ಕೆಲಸ ಮಾಡಿದ್ದಳು.

ಬಾಗಿಲು ತಟ್ಟಿ ಏನು ಹೇಳುವುದು? ಮೊದಲು ದನಿಯಾದರೂ ಬರಲಿ, ಆಮೇಲೆ ಹೇಗೋ ಕರೆದರಾಯಿತು ಎಂದು ಮೇಷ್ಟ್ರಿಗೆ ಫೋನು ಮಾಡಿದಳು.

"ಫೈಲನ್ನ ಹಾಗೇ ತೆರೆದರೆ ಕೇಳ್ಸುತ್ತಾ?" ಎಂದರು ಮೇಷ್ಟ್ರು.

"ನೋಡಿಲ್ಲ... ಇರಿ." ತೆರೆದಳು. ಒಂದು ಕ್ಷಣ ಬಿಟ್ಟು ಮಗಳ ದನಿ ಬಂತು. "ಕೇಳ್ಸುತ್ತೆ ಮೇಷ್ಟ್ರೇ. ಆಟದೊಳಗೆ ಮಾತ್ರ ಇಲ್ಲ. ಹಂಗಾದ್ರೆ ಆ ಫೈಲು ಕೆಟ್ಟು..."

"ಸ್ವಲ್ಪ ತಾಳಿ ಅಮ್ಮ, ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟಬೇಡಿ. ಅದೇ ಜಾಗದಲ್ಲಿ ಬೇರೆ ಯಾವುದಾದರೂ ದನಿ ಹಾಕಿ ನೋಡಿ. ಅದೂ ಬರ್ಲಿಲ್ಲ ಅಂದ್ರೆ ತಪ್ಪು ಫೈಲಿನದಲ್ಲ, ನೀವು ಬರೆದ ಆಜ್ಞೆಯದು."

ಬೇರೆ ದನಿ ಎಂದು ಹತ್ತಿರವಿದ್ದದ್ದು ಒಂದೇ. ಬೇರೆ ದಾರಿ ಕಾಣದೆ 'ಬದಲಿ'ಯನ್ನು ಹಾಕಿ ಬಾತುಕೋಳಿಯನ್ನು ನಡೆಸಿದಳು. ತಪ್ ತಪ್ ತಪ್. ಬಾಗಿಲ ಮುಂದೆ ನಿಂತಿತು.

"ಬ ಬ ಬ ಬ ಬ ಬ ಬ ಬ..."

ಅವಳದೇ ದನಿ. ಹದಿನೇಳು ವರ್ಷ ಒಂದು ಅಕ್ಷರವೂ ತಡವರಿಸದ ದನಿ. ವಾಲ್ಯೂಮು ಬೇರೆ ತುದಿಯಲ್ಲಿತ್ತು, ಮನೆಯೆಲ್ಲ ಬಬಬ ಎಂದಿತು. ಕೋಣೆಯ ಬಾಗಿಲು ತೆರೆಯಿತು. ಮಗಳು ಹೊಸ್ತಿಲಲ್ಲಿ ನಿಂತಿದ್ದಳು, ಮುಖ ಕೆಂಪಾಗಿತ್ತು.

"ನನ್ನ ಅ... ಅಣಕಿಸ್ತಿದ್ದೀಯಾ?"

"ಅಯ್ಯೋ ಇಲ್ಲ ಮರಿ! ದೇವರಾಣೆಗೂ ಇಲ್ಲ. ನಾನಲ್ಲ, ಅದೇ... ಅದೇ ಹಂಗೆ..." ಆಪರೇಟರಮ್ಮ ಪರದೆಯತ್ತ ಕೈ ತೋರಿಸಿದಳು. ಬಾತುಕೋಳಿ ಬಬಬ ಎನ್ನುತ್ತಲೇ ಇತ್ತು.

ಹುಡುಗಿ ತಾಯಿಯ ಮುಖ ನೋಡಿದಳು, ಪರದೆ ನೋಡಿದಳು. ಅಮ್ಮನ ಬಾಯಿ ಮುಚ್ಚಿತ್ತು, ಉಗ್ಗುತ್ತಿದ್ದದ್ದು ಬಾತುಕೋಳಿ. ಹತ್ತಿರ ಬಂದು ಗುಂಡಿ ಒತ್ತಿ ಅದನ್ನು ಒಂದು ಹೆಜ್ಜೆ ಹಿಂದೆ ಸರಿಸಿದಳು. ಆಗ ಬಬಬ ನಿಂತು "ಬಾಗಿಲು ತೆಗೀರಿ, ನಾನು ಬಂದಿದ್ದೀನಿ!" ಎಂದು ಪೂರ್ತಿ ಮಾತು ಬಂತು. ಮುಂದೆ ತಂದಳು. ಬಬಬ. ಮತ್ತೆ ಹಿಂದೆ, ಪೂರ್ತಿ ಮಾತು.

"ಅಮ್ಮ, ಇದು..." ಎಂದವಳು ನಿಂತಳು. ಉಸಿರೆಳೆದಳು. ಕಣ್ಣು ಕಿರಿದಾಯಿತು.

ಆಪರೇಟರಮ್ಮ ಕಾದಳು. ದೊಡ್ಡ ಮನಸ್ಸು ಮಾಡಿ ಕಾದದ್ದಲ್ಲ. ಉತ್ತರ ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ, ಮಗಳಿಗೆ ಗೊತ್ತಾದಂತಿತ್ತು. ಫೋನಿನ ಆ ಬದಿಯಲ್ಲಿ ಮೇಷ್ಟ್ರೂ ಕಾದರು.

"...ಇದಕ್ಕೆ ಮು... ಮುಗಿಸೋಕೆ ಬಿಡ್ತಿಲ್ಲ. ಬಾಗಿಲ ಹತ್ರ ಇರೋವರೆಗೂ ಶುರು ಮಾಡು, ಶುರು ಮಾಡು ಅಂತಾನೇ ಇದೆ. ಬಾ ಅನ್ನೋಷ್ಟರಲ್ಲಿ ಮತ್ತೆ ಮೊದಲಿಂದ."

"ಭೇಷ್!" ಎಂದರು ಫೋನಿನಲ್ಲಿ ಮೇಷ್ಟ್ರು. ಈ ಆಟ ಸೆಕೆಂಡಿಗೆ ಹತ್ತು ಸಲ ಎಲ್ಲ ಆಜ್ಞೆಗಳನ್ನೂ ಮೊದಲಿಂದ ಓದುತ್ತದೆ, ಬಾತುಕೋಳಿ ಬಾಗಿಲಲ್ಲಿದ್ದರೆ ದನಿ ಶುರು ಮಾಡು ಎಂದು ಬರೆದರೆ ಸೆಕೆಂಡಿಗೆ ಹತ್ತು ಸಲ ಶುರು ಮಾಡುತ್ತದೆ ಎಂದು ವಿವರಿಸಿದರು.

"ಹಂಗಾದ್ರೆ ನಂದು ಯಾಕೆ ಕೇಳ್ಸೇ ಇಲ್ಲ?" ಎಂದು ಕೇಳಿ, ಹುಡುಗಿ ತಾನೇ ಉತ್ತರ ಹೇಳಿದಳು. "ನಂದ್ರಲ್ಲಿ ಮೊದಲು ಮಾತಿಲ್ಲ. ಉಸಿರು ತಗೋತೀನಲ್ಲ, ಅದಿದೆ. ಉಸಿರು ಮುಗಿಯೋದ್ರೊಳಗೇ ಕಡಿದುಬಿಡುತ್ತೆ."

ಮೇಷ್ಟ್ರು ಹೇಳಿದ ಸಾಲನ್ನು ಆಪರೇಟರಮ್ಮ ಬರೆದಳು. ದನಿ ಆಗಲೇ ನಡೆಯುತ್ತಿದ್ದರೆ ಮತ್ತೆ ಶುರು ಮಾಡಬೇಡ, ಮುಗಿಯಲಿ. ಬರೆಯುವಾಗ ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಅವಳದು. ಮಗಳ ಫೈಲನ್ನೇ ಮತ್ತೆ ಹಾಕಿದಳು. ಬಾತುಕೋಳಿ ಬಂತು, ನಿಂತಿತು, ಒಂದು ಕ್ಷಣ ಸುಮ್ಮನಿತ್ತು.

"ಬಾಗಿಲು ತೆಗೀರಿ, ನಾನು ಬಂದಿದ್ದೀನಿ."

"ಬಾರವ್ವ ಬಾ," ಎಂದಳು ಅಜ್ಜಿ ಕಿಟಕಿಯ ಬಳಿಯಿಂದ.

ಫೋನು ಇಟ್ಟ ಮೇಲೆ ಆಪರೇಟರಮ್ಮ 'ಬದಲಿ'ಯನ್ನು ಅಳಿಸಿದಳು. "ತಪ್ಪಾಯ್ತು ಕಣೋ ಮರಿ," ಎಂದಳು. "ನಿನ್ನ ದನಿ ಚೆನ್ನಾಗಿಲ್ಲ ಅಂತಲ್ಲ. ಅಷ್ಟು ಜನ ಇರ್ತಾರೆ, ಯಾರಾದ್ರೂ ನಕ್ಕರೆ ಅಂತ ನಂಗೆ ಭಯ."

"ನಗ್ತಾರೆ," ಎಂದಳು ಮಗಳು, ನಾಳೆ ಸೂರ್ಯ ಹುಟ್ಟುತ್ತಾನೆ ಎಂದಷ್ಟೇ ಸಹಜವಾಗಿ. "ಸ್ಕೂಲಲ್ಲಿ ದಿನಾ ನಗ್ತಾರೆ. ನಕ್ಕು ಸುಮ್ಮನಾಗ್ತಾರೆ. ಆಮೇಲೆ ನಾನು ಹೇ... ಹೇಳಿ ಮುಗಿಸ್ತೀನಿ. ನೀನು ಮುಗಿಸೋಕೇ ಬಿಡಲ್ಲ."

ಆಪರೇಟರಮ್ಮ ತುದಿಗೆ ಏರಿಸಿದ್ದ ವಾಲ್ಯೂಮನ್ನು ಇಳಿಸಿದಳು.

ಮರುದಿನ ನಾಲ್ಕಕ್ಕೆ ಇಬ್ಬರೂ ಹೋದರು. ಗ್ರಂಥಾಲಯದ ಉದ್ದನೆಯ ಕೋಣೆಯಲ್ಲಿ ಒಂಬತ್ತು ಕಂಪ್ಯೂಟರು, ಗಿಜಿಗಿಜಿ ಜನ. ಬಾತುಕೋಳಿ ಮೂರು ಸಲ ಬಾಗಿಲಿಗೆ ಬಂತು, ಮೂರು ಸಲವೂ ಮಾತಾಡಿತು. ಆಮೇಲೆ ಮೇಷ್ಟ್ರು ಎಲ್ಲರನ್ನೂ ಸುತ್ತ ಕರೆದು, "ಈ ಆಟದಲ್ಲಿ ಒಂದು ಒಳ್ಳೇ ತಪ್ಪು ಸಿಕ್ಕಿತ್ತು. ಅದು ಎಲ್ಲಿತ್ತು ಅಂತ ಕಂಡುಹಿಡಿದವರೇ ಹೇಳ್ಲಿ," ಎಂದರು.

ಮಗಳು ಬಾಯಿ ತೆರೆದಳು. "ತ... ತ..." ಎಂದಳು. ನಿಂತಿತು.

ಒಂದು ಸೆಕೆಂಡು. ಎರಡು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮುಂದಿದ್ದವರು ಒಬ್ಬೊಬ್ಬರಾಗಿ ತಾಯಿಯ ಕಡೆ ತಿರುಗಿದರು, ನೀವಾದರೂ ಹೇಳಿ ಪಾರು ಮಾಡಿ ಎನ್ನುವಂತೆ. ಪೂರ್ತಿ ವಾಕ್ಯ ಆಪರೇಟರಮ್ಮನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಈ ಸಲ ಉತ್ತರ ಅವಳಿಗೂ ಗೊತ್ತಿತ್ತು. ಹಲ್ಲು ಕಚ್ಚಿದಳು, ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು, ಗೊತ್ತೇ ಇಲ್ಲದವಳ ಹಾಗೆ ಮಗಳ ಮುಖವನ್ನೇ ನೋಡಿದಳು. ಮೂರು. ನಾಲ್ಕು. ಆಸ್ಪತ್ರೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಫೋನು ಇಟ್ಟಾಗಿರುತ್ತಿತ್ತು. ಹುಡುಗಿ ಉಸಿರೆಳೆದಳು.

"ತಪ್ಪು ನನ್ನ ದನೀಲಿ ಇರಲಿಲ್ಲ," ಎಂದಳು ಮಗಳು. "ಅಮ್ಮ ಬರೆದಿದ್ದರಲ್ಲಿ ಇತ್ತು."

ಕೋಣೆಯೆಲ್ಲ ನಕ್ಕಿತು. ಹುಡುಗಿಯೂ ನಕ್ಕಳು. ಆಪರೇಟರಮ್ಮ ಹೌದೆಂದು ತಲೆಯಾಡಿಸಿದಳು, ಮಾತು ಇನ್ನೂ ಇದೆಯೇನೋ ಎಂದು ಕಾಯುತ್ತಾ.