ನೋವೇನಿಲ್ಲ ಆಪಾ

ನನ್ನ ಬಾಯಿ ಸರಿಯಿಲ್ಲ. ನವಲಗುಂದದಲ್ಲಿ ಯಾರನ್ನು ಬೇಕಾದರೂ ಕೇಳಿ, ಹಲೀಮಾಬಿ ಜಮಖಾನ ನೇಯುವುದರಲ್ಲಿ ಎಷ್ಟು ಗಟ್ಟಿಯೋ ಬಯ್ಯುವುದರಲ್ಲೂ ಅಷ್ಟೇ ಗಟ್ಟಿ ಎನ್ನುತ್ತಾರೆ. ಹೇಳಲಿ, ಸುಳ್ಳೇನಲ್ಲ. ಆದರೆ ಹನ್ನೆರಡು ವರ್ಷಗಳಿಂದ ನಾನು ಮಗ್ಗದ ಮುಂದೆ ಕೂತು ಒಂದೇ ಸಮನೆ ಪಂಜಾ ಬಡಿಯುವುದು ಕೆಲಸದ ಹುರುಪಿಗಲ್ಲ. ಪಂಜಾ ಎಂದರೆ ನೂಲು ಬಡಿದು ಕೂಡಿಸುವ ಕಬ್ಬಿಣದ ಹಣಿಗೆ. ಅದರ ಸಪ್ಪಳ ನಿಂತರೆ ನನ್ನ ಕಿವಿಯಲ್ಲಿ ಸಮುದ್ರ ಶುರುವಾಗುತ್ತದೆ. ನಾನು ಸಮುದ್ರ ಕಂಡವಳೇ ಅಲ್ಲ.

ಹನ್ನೆರಡು ವರ್ಷದ ಹಿಂದೆ ನನ್ನ ತಮ್ಮ ಆಸೀಫ್ ನನ್ನ ಜಮಖಾನಗಳನ್ನು ಅಂಡಮಾನಿನ ಕರಕುಶಲ ಮೇಳಕ್ಕೆ ಒಯ್ದಿದ್ದ. "ಸಮುದ್ರದ ದಂಡಿಗೆ ಚಿತ್ತಾರದ ಕವಡಿ ಸಿಗ್ತಾವಂತ, ಒಂದು ತಗೊಂಡು ಬಾರಲೇ, ಹೊಸಾ ನಮೂನಿ ಹಾಕ್ತೀನಿ" ಎಂದು ಹೇಳಿ ಕಳಿಸಿದವಳು ನಾನೇ. ಜಮಖಾನದ ನಡುವೆ ನಾವು ಪಗಡಿ ಹಾಸು ನೇಯುತ್ತೇವೆ. ಕವಡಿ ಎಂದರೆ ನಮಗೆ ಆಟದ ಸಾಮಾನು, ಕೈಯಲ್ಲಿ ಕುಲುಕಿ ಉರುಳಿಸುವುದು. ಅದರೊಳಗೆ ಜೀವ ಇರುತ್ತದೆ, ಆ ಜೀವಕ್ಕೆ ಸೂಜಿಯಂಥ ಹಲ್ಲಿರುತ್ತದೆ ಎಂದು ನಮಗೆ ಹೇಗೆ ಗೊತ್ತಾಗಬೇಕು! ಆಸೀಫ್ ನೀರಿನಲ್ಲಿ ಕಂಡದ್ದನ್ನು ಎತ್ತಿ ಅಂಗಿಯ ಕಿಸೆಗೆ ಹಾಕಿಕೊಂಡ. ಅದು ಕವಡಿಯಲ್ಲ, ವಿಷದ ಬಸವನಹುಳ.

ಅವನು ಕೊನೆಯ ಫೋನು ಮಾಡಿದ್ದು ನನಗೆ. ಆ ಫೋನಿನಲ್ಲಿ ನಾನು ಏನೆಂದೆ ಎಂದು ಯಾರಿಗೂ ಹೇಳಿಲ್ಲ. ಅವನಿಗೆ ಅಷ್ಟರಲ್ಲೇ ಎಚ್ಚರ ತಪ್ಪಿತ್ತು, ಕೇಳಿಸಿರಲಿಕ್ಕಿಲ್ಲ ಎಂಬುದೊಂದೇ ನನಗಿದ್ದ ಆಸರೆ.

ಮೊನ್ನೆ ಮಧ್ಯಾಹ್ನ ಅವನ ಮಗಳು ಮುಮತಾಜ್ ಬಂದಳು. ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಾಳೆ, ಅಪ್ಪನನ್ನು ಕೊಂದ ಅದೇ ಹುಳದ ವಿಷದ ಮೇಲೆ. ಹುಚ್ಚು ಹುಡುಗಿ ಎಂದು ಎಷ್ಟು ಬೈದಿದ್ದೇನೋ. ಬಂದವಳೇ ಮಗ್ಗದ ಬಾಜುವಿನ ಗೋಡೆಯ ಮಾಡದಿಂದ ಆ ಚಿಪ್ಪನ್ನು ಕೈಗೆತ್ತಿಕೊಂಡಳು. ಅವನ ಬಟ್ಟೆಯ ಜೊತೆ ಮನೆಗೆ ಬಂದ ಚಿಪ್ಪು. ಮೈತುಂಬ ಕಂದು ಗೆರೆಗಳ ಜಾಳಿಗೆ, ಯಾರೋ ನೇಯ್ದಿಟ್ಟ ಹಾಗೆ. ಹಾಳಾದ್ದು, ಎಷ್ಟು ಚಂದ ಇದೆ!

"ಈ ವಿಷದಾಗ ನೂರಾರು ಪೆಪ್ಟೈಡ್ ಇರ್ತಾವ, ಫುಪ್ಪಿ. ಒಂದೊಂದು ಹದಿನೈದಿಪ್ಪತ್ತು ಮಣಿ ಪೋಣಿಸಿದ ಸಣ್ಣ ಸರ ಇದ್ದಂಗ. ಎರಡೋ ಮೂರೋ ಕಡೆ ಗಂಟು ಬಿದ್ದಿರ್ತದ. ಗಂಟು ಸರಿ ಬಿದ್ರನ ಅದಕ್ಕ ಆಕಾರ, ಆಕಾರ ಇದ್ರನ ನರದ ಬಾಗಲಾ ಮುಚ್ಚತದ."

"ಗಂಟು ತಪ್ಪಿದರ?"

"ಬರೇ ನೀರಿದ್ದಂಗ, ಏನೂ ಮಾಡೂದಿಲ್ಲ."

ನೇಯುವವಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಜಾ ಕೆಳಗಿಟ್ಟೆ. "ನಿಮ್ಮಪ್ಪ ಫೋನಿನ್ಯಾಗ ನೋವೇನಿಲ್ಲ ಆಪಾ ಅಂದಿದ್ದ. ಸುಳ್ಳ ಹೇಳಿದ್ನೇನು?"

"ಇಲ್ಲ, ಖರೇನ. ಒಂದು ಸರ ನೋವು ತೆಗೀತದ. ಅಂಥಾ ಸರದಿಂದ ನೋವಿನ ಔಷಧಿನೂ ಮಾಡ್ಯಾರ. ಇನ್ನೊಂದು ಮೈಯಾಗಿನ ಬಲ ತೆಗೀತದ. ಮೊದಲ ರೆಪ್ಪಿ ಜೋತು ಬೀಳ್ತಾವ, ನಾಲಿಗಿ ತೊದಲತದ, ಆಮ್ಯಾಲೆ ಕೈಕಾಲು, ಕಡೀಗೆ ಉಸಿರು."

ಆ ಫೋನಿನಲ್ಲಿ ಅವನ ನಾಲಿಗೆಯೂ ತೊದಲಿತ್ತು.

"ಎಚ್ಚರ?" ಎಂದೆ.

ಮುಮತಾಜ್ ನನ್ನ ಕೈ ಹಿಡಿದುಕೊಂಡಳು. "ಅದಕ್ಕಂತನ ಬಂದೀನಿ, ಫುಪ್ಪಿ. ಈ ವಿಷ ತಲಿಗೆ ಹತ್ತೂದಿಲ್ಲ. ಉಸಿರು ನಿಲ್ಲೂತನಕಾ ಎಚ್ಚರ ಇರ್ತದ, ಕಿವಿ ಕೇಳತಾವ. ಅಬ್ಬಾ ಒಬ್ಬಾವನ ಸತ್ತಾ ಅಂತ ಇಷ್ಟ ವರ್ಷ ಅಳತಿದ್ದೆ. ಒಬ್ಬಾವನ ಇರಲಿಲ್ಲ, ನಿಮ್ಮ ಧ್ವನಿ ಕಿವ್ಯಾಗಿತ್ತು. ಏನ ಹೇಳಿದ್ರಿ ಅವಂಗ?"

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. 'ಮಲಕೋ ಮಗನ' ಅಂದೆ ಎಂದಿದ್ದರೆ ಅವಳು ಸಮಾಧಾನದಿಂದ ಊರಿಗೆ ಹೋಗುತ್ತಿದ್ದಳು. ಆದರೆ ಪಂಜಾ ಸುಮ್ಮನಿತ್ತು, ಕಿವಿಯಲ್ಲಿ ತೆರೆ ಏಳುತ್ತಿತ್ತು.

"ಕವಡಿ ಸಿಕ್ಕತು, ಬೆರಳಿಗೆ ಏನೋ ಚುಚ್ಚಿತು, ನೋವೇನಿಲ್ಲ ಅಂದ. ಮಾತು ತೊದಲಾಕತ್ತಿತ್ತು. ಕುಡದೀ ಏನಲೇ ಅಂದೆ. ಆಂ, ಊಂ ಅಂದ. ಆಮ್ಯಾಲೆ ಅದೂ ಇಲ್ಲ, ಬರೇ ನೀರಿನ ಸಪ್ಪಳ. ನನ್ನ ಸಿಟ್ಟು ನೆತ್ತಿಗೇರಿತು. ಕುಡಕ ಸೂಳೇಮಗನ, ನನ್ನ ಮಾಲು ಮಾರಿ ಕುಡೀತೀ? ಇನ್ನ ನನ್ನ ಹೊಸ್ತಿಲಾ ತುಳದ್ಯಂದ್ರ ನೋಡು, ನೀ ನನ್ನ ಪಾಲಿಗೆ ಸತ್ತಿ ಅಂದೆ. ಅಂದು ಫೋನ್ ಇಟ್ಟೆ."

ಮುಮತಾಜಳ ಕೈ ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡಿತು.

"ಅಬ್ಬಾ ಕುಡೀತಿರಲಿಲ್ಲ, ಫುಪ್ಪಿ."

"ಗೊತ್ತಿತ್ತವಾ," ಎಂದೆ.

ಅವಳು ಚಿಪ್ಪನ್ನು ಮಾಡದಲ್ಲಿಟ್ಟು ಐದರ ಬಸ್ಸಿಗೆ ಹೋದಳು. ಅಂದಿನಿಂದ ನಾನು ಪಂಜಾ ಮುಟ್ಟಿಲ್ಲ. ಅವನು ಕೇಳಿದ್ದನ್ನು ನಾನೂ ಕೇಳುತ್ತಾ ಕೂತಿದ್ದೇನೆ.